ಕರಿಬೇವಿನ ತವರು

ಬಜಾರದಿಂದ ತಂದ ಕರಿಬೇವನ್ನು ಈಗ ನಾನು ನೇರವಾಗಿ ಒಗ್ಗರಣೆಗೆ ಹಾಕುವುದಿಲ್ಲ. ಉಪ್ಪು, ಅರಿಸಿನದ ನೀರಿನಲ್ಲಿ ನೆನೆಸಿ, ತೊಳೆದು, ಗ್ಯಾಲರಿಯಲ್ಲಿ ಪೇಪರ್ ಹಾಸಿ ಆರಲು ಹಾಕುತ್ತೇನೆ. ಮೊನ್ನೆ ಭಾನುವಾರ ಹಾಗೆ ನೆನೆಸಿದ ಬೋಗುಣಿಯ ಮೇಲೆ ಬಾಗಿದಾಗ ಕರಿಬೇವಿನ ಘಮದ ಜೊತೆ ಇನ್ನೊಂದು ವಾಸನೆ ಬಂತು, ಗಂಟಲಿಗೆ ಹಿಡಿಯುವ ಔಷಧದ ವಾಸನೆ. ಖೂಬಾ ಪ್ಲಾಟ್ ಬಡಾವಣೆಯ ಮೂರನೇ ಮಹಡಿಯ ಮನೆಯಲ್ಲಿ ನಿಂತಿದ್ದ ನನಗೆ ಬ್ರಹ್ಮಪುರದ ಬಾಜೂಮನೆ ಕಾಕು ನೆನಪಾದರು...

ಮದುವೆಯಾಗಿ ಬ್ರಹ್ಮಪುರದ ಆ ಓಣಿಗೆ ಬಂದಾಗ ನನ್ನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೊದಲ ಬಸಿರಿನಲ್ಲಿ ಎಲ್ಲರೂ ತವರಿಗೆ ಯಾವಾಗ ಹೋಗುತ್ತಿ ಎಂದು ಕೇಳುವವರೇ.  ಒಂದು ದಿನ ಕಾಕು ನಮ್ಮ ಅತ್ತೆಯ ಮುಂದೆಯೇ, "ಗ್ವಾಡಿ ಆಚಿಗೇ ಅದ ಇಕಿ ತವರು. ದೂರ ಯಾಕ ಹೋಗ್ಬೇಕು?" ಎಂದುಬಿಟ್ಟರು. ನನ್ನ ಬಾಣಂತನ ಅವರ ಮನೆಯಲ್ಲೇ ಆಯಿತು.

ಆ ಮನೆಯ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡವಿತ್ತು. ಗಿಡ ಎನ್ನುವುದು ಮಾತಿಗೆ, ಅದು ಮಾಳಿಗೆಯ ಎತ್ತರಕ್ಕೆ ಬೆಳೆದಿತ್ತು. ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳ ಪಾತರಗಿತ್ತಿ ಅಲ್ಲಿಗೆ ಬರುತ್ತಿತ್ತು. ಎಲೆಯೆಲೆಯನ್ನೂ ಕಾಲಿನಿಂದ ತಟ್ಟಿ ನೋಡಿ, ಒಪ್ಪಿಗೆಯಾದ ಚಿಗುರಿನ ಮೇಲೆ ಬಾಲ ಬಗ್ಗಿಸಿ ಸಾಸಿವೆಗಿಂತ ಸಣ್ಣದೊಂದು ತತ್ತಿ ಇಡುತ್ತಿತ್ತು. ಕಾಕು ಮಗ್ಗುಲ ಮನೆಯಿಂದ ನನ್ನನ್ನು ಕೂಗುತ್ತಿದ್ದರು. "ಲಗೂನ ಬಾ, ಬಾಣಂತನಕ್ಕ ಬಂದಾಳ ನೋಡು!"

ಅವರ ಲೆಕ್ಕದಲ್ಲಿ ಆ ಪಾತರಗಿತ್ತಿ ತವರಿಗೆ ಬಂದ ಮಗಳು. ಅದು ಕೂತ ಟೊಂಗೆಯಿಂದ ಆಮೇಲೆ ಯಾರೂ ಎಲೆ ಹರಿಯುವಂತಿಲ್ಲ. "ಬಸುರಿ ಮನಿಗಿ ಬಂದ್ರ ಹೊಳ್ಳಿ ಕಳಸಬಾರ್ದವ್ವ," ಎನ್ನುತ್ತಿದ್ದರು. ಅವರ ಯಜಮಾನರು ಊಟಕ್ಕೆ ಕೂತಾಗ, "ನಮ್ಮ ಸಾರಿಗಿ ಕರಿಬೇವಿಲ್ಲ, ಹುಳಕ್ಕ ಮಾತ್ರ ದಿನಾ ಹಬ್ಬ," ಎಂದು ಗೊಣಗುತ್ತಿದ್ದರು. ಹುಳ ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿತ್ತು. ಆಮೇಲೆ ಹಸಿರಾಗಿ, ಉಂಡುಂಡು ಉಬ್ಬುತ್ತಿತ್ತು. ಮುಟ್ಟಿದರೆ ತಲೆಯಿಂದ ಕೇಸರಿ ಬಣ್ಣದ ಎರಡು ಕೋಡು ಹೊರಗೆ ಬರುತ್ತಿದ್ದವು. "ನಿಮ್ಮತ್ತಿ ಇದ್ದಂಗ ಅದ, ಮಾತಾಡಸೂದರಾಗ ಕೋಡು!" ಎಂದು ಕಾಕು ಪಿಸುಗುಟ್ಟಿ ನಗುತ್ತಿದ್ದರು. ಕಡೆಗೆ ಅದು ಸೊಂಟಕ್ಕೆ ಸಣ್ಣ ಎಳೆ ಸುತ್ತಿಕೊಂಡು ಟೊಂಗೆಗೆ ಒರಗಿ ಗೂಡಾಗುತ್ತಿತ್ತು. ಆ ಎಳೆಯನ್ನು ಅವರು ಉಡದಾರ ಎನ್ನುತ್ತಿದ್ದರು. ನನ್ನ ಮಗನಿಗೆ ಉಡದಾರ ಕಟ್ಟಿದ ದಿನವೂ ಆ ಗಿಡದಲ್ಲಿ ಅಂಥದೊಂದು ಗೂಡು ಇತ್ತು.

ಕಾಕುವಿನ ಯಜಮಾನರು ತೀರಿಕೊಂಡ ಮೇಲೆ ಮಗ ಕಾರು ತಂದ. ಅವನೇನೂ ಕೆಟ್ಟವನಲ್ಲ. "ಅವ್ವ, ಓಣ್ಯಾಗ ನಿಂದರಸಿದ್ರ ಮಂದಿ ಬಾಯಿ ಮಾಡ್ತಾರ. ಕರಿಬೇವು ಬಜಾರದಾಗ ಸಿಗ್ತದಲ್ಲ?" ಎಂದ. ಸಿಗುತ್ತದೆ ಎನ್ನುವುದು ನಿಜವೇ ಆಗಿತ್ತು. ಗಿಡ ಹೋಯಿತು, ಕಾರು ನಿಲ್ಲಿಸಲು ಹಿತ್ತಲಿಗೆ ಫರಸಿ ಕಲ್ಲು ಹಾಕಿದರು. ಆದರೆ ಪಾತರಗಿತ್ತಿಗೆ ಯಾರು ಹೇಳಬೇಕು? ಅದು ಬಂದು, ಗಿಡವಿದ್ದ ಕಡೆ ಬರೀ ಗಾಳಿಯಲ್ಲಿ ಸುತ್ತುತ್ತಿತ್ತು. "ಮಗಳು ಬಂದಾಳ, ಮನಿನೇ ಇಲ್ಲ," ಎಂದು ಕಾಕು ಸೆರಗು ಬಾಯಿಗೆ ಒತ್ತಿಕೊಂಡರು.

ಮರುದಿನ ಅವರೇ ಬಜಾರಕ್ಕೆ ಹೋಗಿ ಎಳೆಯ ಕರಿಬೇವು ತಂದು, ನೀರು ತುಂಬಿದ ತಂಬಿಗೆಯಲ್ಲಿ ನಿಲ್ಲಿಸಿ ಗೋಡೆಯ ಮೇಲಿಟ್ಟರು. ಮಧ್ಯಾಹ್ನ ಪಾತರಗಿತ್ತಿ ಬಂತು, ತಟ್ಟಿತು, ತತ್ತಿ ಇಟ್ಟಿತು. ಅವತ್ತು ಕಾಕು ನಮ್ಮ ಮನೆಗೆ ಶಿರಾ ಕಳಿಸಿದರು.

ತತ್ತಿ ಒಡೆದು ಹುಳಗಳು ಬಂದವು. ಒಂದೆರಡು ದಿನ ತಿಂದವು. ಆಮೇಲೆ ಒಂದೊಂದಾಗಿ ಮೆತ್ತಗಾಗಿ, ತಂಬಿಗೆಯ ಬುಡಕ್ಕೆ ಬಿದ್ದವು. ಕಾಕು ನನ್ನನ್ನು ಕರೆದುಕೊಂಡು ಕಾಯಿಪಲ್ಯೆ ಮಾರುವವಳ ಹತ್ತಿರ ಹೋದರು. ಆಕೆ ಸಿಟ್ಟಾಗಲಿಲ್ಲ, ನಕ್ಕಳು. "ಅಮ್ಮಾ, ತೂತಿದ್ದ ಎಲಿ ನೀವರೆ ತಗೋತೀರೇನು? ಔಷಧ ಹೊಡೀಲಾರದ ಕರಿಬೇವು ಎಲ್ಲಿಂದ ತರ್ಲಿ?"  ತೂತಿಲ್ಲದ ಎಲೆಯನ್ನೇ ಆರಿಸಿ ಆರಿಸಿ ತಂದವರು ನಾವೇ ಅಲ್ಲವೇ.

ಉಳಿದ ಹುಳಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ತೆಳುವಾದ ಅರಿವೆ ಕಟ್ಟಿ, ಕಾಕು ಕಮಲಾಪುರಕ್ಕೆ ಹೊರಟರು. ಅದು ಅವರ ಸ್ವಂತ ತವರು. ಅಣ್ಣನ ಕೆಂಪು ಬಾಳೆಯ ತೋಟದ ಬಾವಿಯ ಕಟ್ಟೆಗೆ ಹೊಂದಿಕೊಂಡು ದೊಡ್ಡದೊಂದು ಕರಿಬೇವಿನ ಗಿಡವಿತ್ತು. ಹುಮನಾಬಾದ್ ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಡಬ್ಬಿ ಅವರ ಮಡಿಲಲ್ಲೇ ಇತ್ತು.

ತೋಟದಲ್ಲಿ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಆ ಔಷಧದ ವಾಸನೆ. ಅಣ್ಣ ಬೆನ್ನಿನ ಟ್ಯಾಂಕ್ ಇಳಿಸಿ ಕೈ ತೊಳೆಯುತ್ತಿದ್ದರು. "ನಿನ್ನೇನೇ ಕರಿಬೇವಿಗೂ ಹೊಡದೀನಲ್ಲ ತಂಗಿ. ಮೊದಲಿನಂಗ ಬಿಟ್ರ ಯಾಪಾರಿ ಮುಟ್ಟಂಗಿಲ್ಲ. ಏನ್ ಮಾಡ್ಲಿ ಹೇಳು?" ಎಂದರು. ಕಾಕು ಬಾವಿಯ ಕಟ್ಟೆಯ ಮೇಲೆ ಡಬ್ಬಿಯ ಅರಿವೆ ಬಿಚ್ಚದೆ ಕೂತರು. ಅಣ್ಣನ ಹೆಂಡತಿ, ವೈನಿ, ಉಡಿ ತುಂಬಿ, ಕೆಂಪು ಬಾಳೆಹಣ್ಣು ಕೊಟ್ಟು ಕಳಿಸಿದರು. ತವರಿನಿಂದ ಬರಿಗೈಯಲ್ಲಿ ಕಳಿಸಬಾರದಲ್ಲ... ಡಬ್ಬಿಯೂ ನಮ್ಮ ಜೊತೆಗೇ ವಾಪಸು ಬಂತು.

ಅದರಲ್ಲಿ ಒಂದೇ ಒಂದು ಹುಳ ಮುಚ್ಚಳಕ್ಕೆ ಉಡದಾರ ಕಟ್ಟಿಕೊಂಡಿತು. ಕಾಕು ಅದನ್ನು ದೇವರ ಕೋಣೆಯ ಕಿಟಕಿಯಲ್ಲಿ ಇಟ್ಟು ಕಾದರು. ಗೂಡು ಕಪ್ಪಾಯಿತು. ಒಡೆಯಲಿಲ್ಲ. ಕಾಕು ಅದನ್ನು ಬಿಸಾಡಲೂ ಇಲ್ಲ.

ಕಾಕು ತೀರಿಹೋಗಿಯೂ ಈಗ ವರ್ಷಗಳಾದವು. ಊರ ಕೋಟೆಯ ಕಂದಕದ ಬದಿ ಎಕ್ಕದ ಗಿಡಗಳ ಮೇಲೆ ಏಳುತ್ತಿದ್ದ ಪಾತರಗಿತ್ತಿಗಳ ಹಿಂಡೂ ಈಗ ನನಗೆ ಕಾಣುವುದಿಲ್ಲ. ನನಗಿದ್ದ ತವರು ಕಾಕುವಿನ ಮನೆಯೊಂದೇ ಆಗಿತ್ತು. ಅದು ಹೋದ ಸಂಕಟ ಇನ್ನೂ ಇಳಿದಿಲ್ಲ.

ಮೊನ್ನೆ ಅದೇ ಭಾನುವಾರ, ಪೇಪರಿನ ಮೇಲೆ ಹರವಿದ್ದ ಕರಿಬೇವಿನ ಹತ್ತಿರ ಏನೋ ಅಲುಗಿತು. ಕಪ್ಪು, ಹಳದಿ ಚುಕ್ಕೆ. ಮೂರನೇ ಮಹಡಿಯವರೆಗೆ ಹುಡುಕಿಕೊಂಡು ಬಂದಿದ್ದಳು. ಕಾಲಿನಿಂದ ಎಲೆ ತಟ್ಟಿದಳು. ಬಾಲ ಬಗ್ಗಿಸಿದಳು. ನಾನು ಓಡಿಹೋಗಿ ಸೆರಗು ಬೀಸಿದೆ. ಎದ್ದು, ಸುತ್ತಿ, ಮತ್ತೆ ಅಲ್ಲಿಗೇ ಬಂದಳು. ಮತ್ತೆ ಬೀಸಿದೆ. "ಹೋಗವ್ವ, ಇಲ್ಲಿ ಬ್ಯಾಡ... ಹೋಗು," ಎಂದೆ. ಎಲ್ಲಿಗೆ ಹೋಗು ಎಂದು ಹೇಳಲು ನನಗೆ ಒಂದು ಗಿಡವೂ ಗೊತ್ತಿರಲಿಲ್ಲ.

ಕರಿಬೇವನ್ನು ಬಾಚಿಕೊಂಡು ಒಳಗೆ ಬಂದು ಗ್ಯಾಲರಿಯ ಬಾಗಿಲು ಹಾಕಿದೆ. ಅವಳು ಗಾಜಿನ ಆಚೆ ಇನ್ನೂ ಸುತ್ತುತ್ತಿದ್ದಳು. ಮಧ್ಯಾಹ್ನದ ಸಾರಿಗೆ ಅದನ್ನೇ ಒಗ್ಗರಣೆ ಹಾಕಿದೆ. ಬೇರೆ ಕರಿಬೇವು ಎಲ್ಲಿಂದ ತರಲಿ?