ಇಪ್ಪತ್ತೆರಡು ನಿಮಿಷದ ಜುಮ್ಲಾ

ಜುಮ್ಲಾ ಪೇಟೆಗೆ ಎಷ್ಟು ದೂರ ಎಂದು ಯಾರೇ ಕೇಳಲಿ, ಸಿಮಿಕೋಟಿನ ಹರ್ಕೆ ರೋಕಾಯ "ಇಪ್ಪತ್ತೆರಡು ನಿಮಿಷ" ಎನ್ನುತ್ತಿದ್ದ. ಊರಿನ ಉಳಿದವರೆಲ್ಲ ಆರು ದಿನ ಎನ್ನುವವರು. ಕುರಿಗಳ ಬೆನ್ನಿಗೆ ಉಪ್ಪಿನ ಚೀಲ ಕಟ್ಟಿ ಹೊಡೆದುಕೊಂಡು ಹೋಗುವ ಆ ಆರು ದಿನದ ದಾರಿಯನ್ನು ಹರೆಯದಲ್ಲಿ ಅವನೂ ಸವೆಸಿದ್ದ. ವಿಮಾನ ಇಳಿಯುವ ಬಯಲಿನಲ್ಲಿ ಸೈರನ್ ಕೂಗಿಸಿ ಆಡುಗಳನ್ನು ಓಡಿಸುವ ಸರ್ಕಾರಿ ಕೆಲಸ ಸಿಕ್ಕಿದ್ದೇ ತಡ, ನಡೆದು ಹೋಗುವವರನ್ನು ಕಂಡರೆ ಅವನಿಗೆ ನಗು ಬರತೊಡಗಿತು. ತಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ, ಅದು ಬೇರೆ ಮಾತು.

ಆ ವರ್ಷದ ಮಳೆಗಾಲದಲ್ಲಿ ಅವನ ಹೆಂಡತಿ ನಂದಕಲಾಳ ಹೊಟ್ಟೆ ಊದಿಕೊಂಡಿತು. ಊರಿನ ಕಾಂಪೌಂಡರ್ ಕೈಯಿಟ್ಟು ನೋಡಿ, ಆಪರೇಷನ್ನೇ ಆಗಬೇಕು, ಹನ್ನೆರಡು ದಿನದೊಳಗೆ ಜುಮ್ಲಾದ ಆಸ್ಪತ್ರೆ ಮುಟ್ಟಿಸದಿದ್ದರೆ ಉಳಿಯುವುದು ಕಷ್ಟ ಎಂದ. ಅಂದೇ ಅವಳ ತಮ್ಮ ಬಿರ್ಖೆ, ಬೆನ್ನಿಗೆ ಹೊರುವ ಡೋಕೊ ಬುಟ್ಟಿಯ ಒಂದು ಬದಿಯನ್ನು ಕತ್ತರಿಸಿ, ಕಾಲು ಇಳಿಬಿಡಲು ಜಾಗ ಮಾಡಿ, ಕಂಬಳಿ ಹಾಸಿ ತಂದ.

"ಭಾವ, ನಾಲ್ಕು ಜನ ಸರದಿ ಮೇಲೆ ಹೊರ್ತೀವಿ. ಇವತ್ತೇ ಹೊರಡೋಣ."

"ತಲೆ ನೆಟ್ಟಗಿದೆಯೇನೋ? ಆರು ದಿನ ಕುಲುಕಿಸಿ ನಿಮ್ಮಕ್ಕನ್ನ ಕೊಲ್ತೀಯಾ? ನಾಳೆ ಬಿಸಿಲು ಬಿದ್ರೆ ಇಪ್ಪತ್ತೆರಡೇ ನಿಮಿಷ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬಿಸಿಲು ಬೀಳಲಿಲ್ಲ, ಅಷ್ಟೇ. ನಸುಕಿಗೇ ಬಯಲಿಗೆ ಹೋಗಿ ಕಣಿವೆಯ ಬಾಯಿ ನೋಡುವುದು, ಮೋಡವಿದೆ, ವಿಮಾನ ಕಳಿಸುವುದು ಬೇಡ ಎಂದು ವೈರ್‌ಲೆಸ್ಸಿನವನಿಗೆ ತಾನೇ ಹೇಳುವುದು, ಮನೆಗೆ ಬಂದು ಹೆಂಡತಿಗೆ 'ನಾಳೆ' ಎನ್ನುವುದು. ಹೀಗೆ ಆರು ದಿನ ಕಳೆದವು. ಆರನೆಯ ಸಂಜೆ ಬಿರ್ಖೆ ಬಂದು ಹೊಸ್ತಿಲಲ್ಲಿ ಕೂತ. ಇಷ್ಟು ಹೊತ್ತಿಗೆ ಜುಮ್ಲಾದಲ್ಲಿರುತ್ತಿದ್ದೆವು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಹರ್ಕೆ ಜಗಳವಾದರೂ ಆಡುತ್ತಿದ್ದ. ಏಳನೆಯ ಬೆಳಿಗ್ಗೆಯೂ ಮೋಡವೇ. ಹರ್ಕೆ ಸೈರನ್ ಕೋಣೆಯ ಕೀಲಿಕೈಯನ್ನು ವೈರ್‌ಲೆಸ್ಸಿನವನಿಗೆ ಕೊಟ್ಟು ಬಂದು, ಹೆಂಡತಿಯನ್ನು ಡೋಕೊದಲ್ಲಿ ಕೂರಿಸಿ, ಅದರ ಪಟ್ಟಿಯನ್ನು ತಾನೇ ಹಣೆಗೆ ಹಾಕಿಕೊಂಡ.

ಸರದಿ ಮೇಲೆ ಹೊರುತ್ತ ನಾಲ್ವರೂ ಎರಡು ದಿನ ಇಳಿದರು, ಜಾರಿದರು, ಮತ್ತೆ ಹತ್ತಿದರು. ಮೂರನೆಯ ಬೆಳಿಗ್ಗೆ ಕರ್ನಾಲಿ ಹೊಳೆಯ ತೂಗುಸೇತುವೆ ದಾಟುವಷ್ಟರಲ್ಲಿ ಮೋಡ ಹರಿದು ಆಕಾಶ ತೊಳೆದಿಟ್ಟಂತಾಯಿತು. ಆಮೇಲೆ ಸದ್ದು ಕೇಳಿಸಿತು. ಹಣೆಯ ಮೇಲೆ ಭಾರವಿದ್ದ ಹರ್ಕೆಗೆ ತಲೆ ಎತ್ತಲಾಗಲಿಲ್ಲ. ಡೋಕೊದಲ್ಲಿ ಕೂತವರ ಮುಖ ಹಿಂದಕ್ಕಿರುತ್ತದೆ, ಹಾಗಾಗಿ ನಂದಕಲಾಳೇ ನೋಡಿದಳು.

"ನಿಮ್ಮ ವಿಮಾನ," ಎಂದಳು. "ಊರ ಕಡೆ ಹೋಗ್ತಿದೆ."

ಅವಳನ್ನು ಬಂಡೆಯ ಮೇಲೆ ಇಳಿಸಿದರು. ಹಿಂದಕ್ಕೆ ಹೋದರೆ ಎರಡು ದಿನ, ಅಷ್ಟರಲ್ಲಿ ಮೋಡ ಮತ್ತೆ ಕವಿದರೆ? ಮುಂದಕ್ಕೆ ಹೋದರೆ ನಾಲ್ಕು ದಿನ, ಅವಳು ತಡೆದಾಳೆಯೇ? ಹೊರುವವರು ತಮ್ಮತಮ್ಮಲ್ಲೇ ವಾದಿಸಿ, ಕೊನೆಗೆ ಹರ್ಕೆಯ ಮುಖ ನೋಡಿದರು. ಅವನು ಎಲ್ಲರೆದುರು ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟ. ಅವನ ಅಳು ನಿಲ್ಲುವ ಮೊದಲೇ ವಿಮಾನ ಸಿಮಿಕೋಟಿನಿಂದ ಹೊರಟು, ಅವರ ನೆತ್ತಿಯ ಮೇಲೆ ಹಾದು, ಜುಮ್ಲಾದ ಕಡೆಗೆ ಹೋಯಿತು.

"ವಾಪಸ್ ತಿರುಗಿ," ಎಂದಳು ನಂದಕಲಾ.

"ಮತ್ತೆ ವಿಮಾನ ಬರದೇ ಹೋದ್ರೆ?" ಎಂದ ಹರ್ಕೆ.

"ವಿಮಾನದ ಮಾತು ಯಾಕೆ? ಎರಡು ದಿನಕ್ಕೆ ಮನೆಯಾದ್ರೂ ಸಿಗುತ್ತಲ್ಲ."

ಬಿರ್ಖೆ ಏನೋ ಹೇಳಹೋದ. ಹರ್ಕೆ ಆಗಲೇ ಡೋಕೊ ಎತ್ತಿಕೊಂಡು ಊರ ಕಡೆ ತಿರುಗಿ ನಿಂತಿದ್ದ.