ಪರದೆ ಕಟ್ಟಿದ ಜೀಪು

ನಮ್ಮ ಮನೆಯ ಹೆಂಗಸರಿಗೆ ಜೀಪು ಆಗಿಬರುವುದಿಲ್ಲ ಎಂಬುದು ಬೇಡಕಿಹಾಳದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಚಿಕ್ಕೋಡಿಗೆ ಹೊರಟರೆ ಅವ್ವ ಮೊದಲು ಲಿಂಬೆಹಣ್ಣು ಹುಡುಕುತ್ತಿದ್ದಳು. ಮರಳಿ ಬಂದವಳೇ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದಳು. ಮುಂದೆ ಕೂತ ಅಪ್ಪನಿಗೂ ಅಣ್ಣನಿಗೂ ಏನೂ ಆಗುತ್ತಿರಲಿಲ್ಲ.

ಅದು ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಜೀಪು. ಕಬ್ಬಿನ ಹೊಲದ ಕೆಸರಿನಲ್ಲಿ ಎತ್ತಿನ ಬಂಡಿ ಹೂತುಕೊಂಡಲ್ಲಿಯೂ ಅದು ಹೊರಳಾಡಿ ಹೊರಬರುತ್ತಿತ್ತು. ಮುಂದೆ ಬಾಗಿಲುಗಳಿರಲಿಲ್ಲ, ಗಾಳಿ ಮುಖಕ್ಕೇ ಬಡಿಯುತ್ತಿತ್ತು. ಹಿಂದೆ ತಾಡಪತ್ರಿಯ ಹೊದಿಕೆ. ಹೆಂಗಸರು ಕೂತರೆ ಹಿಂದಿನ ಪರದೆ ಇಳಿಬಿಟ್ಟು ಹಗ್ಗದಿಂದ ಕಟ್ಟಬೇಕು. ಹೀಗೆ ಕಟ್ಟಬೇಕೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಾಡಿ ಚಾಲೂ ಮಾಡುವ ಮೊದಲು ಅಣ್ಣ ಕಟ್ಟುತ್ತಿದ್ದ, ಅಷ್ಟೆ.

ಎಂಟು ವರ್ಷಗಳ ಹಿಂದೆ, ಎಂಬತ್ತರ ದಶಕದ ಕೊನೆಯಲ್ಲಿ, ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ವೈನಿ, ಅಂದರೆ ಅಣ್ಣನ ಹೆಂಡತಿ, ಆಗ ಚೊಚ್ಚಲ ಬಸುರಿ. ಒಂದು ಮುಂಜಾನೆ ಜೀಪಿನ ಬಾನೆಟ್ ತೆರೆದಿತ್ತು. ಇಂಜಿನ್ನಿನ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರಿಗೆ ಸಾಗಿಸುವ ಬೀಡುಕಬ್ಬಿಣದ ಕೊಳವೆಯೊಂದಿರುತ್ತದೆ. ಮೆಕ್ಯಾನಿಕರು ಅದನ್ನು ಮೆನಿಫೋಲ್ಡ್ ಅನ್ನುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿತ್ತು.

"ಸೀಳಿತ್ತು," ಅಂದ ಅಪ್ಪ. "ಗಾಣದ ಒಲಿ ಸೀಳಿದ್ರ ಏನ್ ಮಾಡ್ತೀವಿ? ಅದನ್ನ ಮಾಡೇವಿ."

ಬೆಲ್ಲ ಕಾಯಿಸುವ ಒಲೆಗೆ ಮೆತ್ತುವ ಸಗಣಿಮಣ್ಣು. ಒಲೆ ಕೂತಲ್ಲೇ ಕೂತಿರುತ್ತದೆ, ಇಂಜಿನ್ ನಡುಗುತ್ತದೆ. ಮಣ್ಣು ಆಗಲೇ ಉದುರಿ, ಬಿರುಕಿನುದ್ದಕ್ಕೂ ಮಸಿ ಹಿಡಿದಿತ್ತು.

ಆ ಮಸಿ ಏನೆಂದು ನನಗೆ ತಿಳಿಯಿತು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲವಿರುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ತಾಯಿಗಿಂತ ಹೆಚ್ಚು ಅಪಾಯ. ಇಷ್ಟು ಗೊತ್ತಿದ್ದೂ ನಾನು ಹೇಳಲಿಲ್ಲ. ಅಪ್ಪನ ಮುಂದೆ ಬಸುರಿನ ಮಾತೆತ್ತುವುದು ನಮ್ಮಲ್ಲಿ ಇರಲಿಲ್ಲ. ನಾಲ್ಕಕ್ಷರ ಕಲಿತು ಬಂದು ಮೆರೆಯುತ್ತಾಳೆ ಅಂದಾರೆಂಬ ಸಂಕೋಚ ಬೇರೆ. ಸಮಯ ನೋಡಿ ಹೇಳೋಣ ಎಂದು ಎರಡು ವಾರ ಕಳೆದೆ.

ಆಮೇಲೆ ವೈನಿಯನ್ನು ತಪಾಸಣೆಗೆಂದು ಚಿಕ್ಕೋಡಿಗೆ ಕರೆದುಕೊಂಡು ಹೋದರು. ಪಕ್ಕದಲ್ಲಿ ತಲೆ ಹಿಡಿದುಕೊಂಡು ಕೂತಿದ್ದ ಅವ್ವ ಅಲ್ಲಿ ಪರದೆ ಬಿಚ್ಚಿಸಿದಾಗ ವೈನಿ ಸೀಟಿನ ಮೇಲೆ ಒರಗಿ ಬಿದ್ದಿದ್ದಳಂತೆ, ಕೂಗಿದರೂ ಕಣ್ಣು ತೆರೆದಿರಲಿಲ್ಲವಂತೆ. ಮರದ ನೆರಳಿನಲ್ಲಿ ಮಲಗಿಸಿದ ಮೇಲೆ ಎಚ್ಚರವಾಯಿತು. ಬಸುರಿನ ನಿತ್ರಾಣ ಎಂದು ಡಾಕ್ಟರು ಟಾನಿಕ್ ಬರೆದುಕೊಟ್ಟರು.

ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾಗ ಹೇಳಿದೆ.

"ಇಷ್ಟ ವರ್ಷ ಆತು, ಅದರಾಗ ಅಡ್ಡಾಡಿ ನಾವೇನ್ ಸತ್ತೀವೇನು?" ಅಂದ.

"ನೀವು ಮುಂದ ಕೂಡ್ತೀರಿ ಅಪ್ಪ. ಪಡದಾ ಹಿಂದ ಕಟ್ಟಿರತೈತಿ, ಹೊಗಿ ಅಲ್ಲೇ ನಿಲ್ಲತೈತಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಕೈ ತೊಳೆಯುವಾಗ, "ನಾಳಿ ನಿಪ್ಪಾಣಿಗೆ ಅಣ್ಣನ ಜೋಡಿ ಮುಂದ ಕುಂತು ಹೋಗು. ಕಲತ ಬಂದೀಯಲ್ಲಾ, ನೋಡ್ಕೊಂಡ ಬಾ," ಅಂದ. ವೈನಿ ಹೆರಿಗೆಗೆಂದು ಅಥಣಿಯ ಹತ್ತಿರದ ತವರಿಗೆ ಹೋಗಲು ಎಂಟೇ ದಿನ ಉಳಿದಿದ್ದವು.

ನಿಪ್ಪಾಣಿಯ ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ಹಣೆ ಬಡಿದುಕೊಂಡ. "ಅರೇ ದೇವಾ! ಇದ ಇಂಜಿನ್ ಐತೋ, ಗಾಣದ ಒಲಿ ಐತೋ? ಬೆಲ್ಲಾ ತಗಿಯಾವ್ರಿದ್ರೇನ್ರಿ ಇದರಾಗ?"

ಅಣ್ಣ ನಕ್ಕ. ನನಗೆ ನಗಲಾಗಲಿಲ್ಲ.

ನಟ್ಟುಗಳು ತುಕ್ಕು ಹಿಡಿದು ಬೀಡಿಗೇ ಅಂಟಿದ್ದವು. ಅವನು ಡೀಸೆಲ್ ಸುರಿದ, ಗ್ಯಾಸಿನಿಂದ ಕೆಂಪಗೆ ಕಾಯಿಸಿದ. ಆದರೂ ಒಂದು ಬೋಲ್ಟು ಬುಡಕ್ಕೇ ಮುರಿಯಿತು. "ಮೋಡಲಾ! ಮುರದ ಹೋತು, ಅರ್ಧಾ ದಿನಾ ತಿಂತು," ಅಂದ. ಡ್ರಿಲ್ ಹಾಕಿ ತುಂಡನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಹೊಸ ಮೆನಿಫೋಲ್ಡ್ ಅಂದರೆ ಹೊಸದಲ್ಲ, ಕೊಲ್ಲಾಪುರದ ಗುಜರಿಯಿಂದ ಬಂದದ್ದು. ಅದರ ಮುಖ ಸಪಾಟಾಗಿದೆಯೇ ಎಂದು ಕೇಳಿದೆ.

"ಅಕ್ಕಾರು ಸಾಲಿ ಕಲಸ್ತಾರೇನೋ?" ಎಂದು ಅಣ್ಣನನ್ನು ಕೇಳಿ, ನನ್ನ ಕೈಗೆ ಗರಗಸದ ಬ್ಲೇಡು ಕೊಟ್ಟ. "ನೀವ ನೋಡ್ರಿ, ಪರೀಕ್ಷಾ ತಗೋರಿ."

ಬ್ಲೇಡಿನ ಬೆನ್ನನ್ನು ಬೀಡಿನ ಮುಖದ ಮೇಲಿಟ್ಟು ಬೆಳಕಿಗೆ ಹಿಡಿದೆ. ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಅವನೂ ಬಗ್ಗಿ ನೋಡಿದ, ಆಮೇಲೆ ಹಾಸ್ಯ ಮಾಡಲಿಲ್ಲ. ಲೇತಿಗೆ ಕಳಿಸಿ ಮುಖ ಮಟ್ಟ ಮಾಡಿಸಿ ತಂದ. ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಇಟ್ಟು, ನಟ್ಟುಗಳನ್ನು ನಡುವಿನಿಂದ ಎರಡೂ ಅಂಚಿನ ಕಡೆಗೆ ಸ್ವಲ್ಪಸ್ವಲ್ಪವೇ ಬಿಗಿದ. ಇಂಜಿನ್ ಚಾಲೂ ಮಾಡಿದಾಗ ನಾನು ಸಂದಿಯ ಬಳಿ ಅಂಗೈ ಹಿಡಿದೆ. ಶಾಖವಿತ್ತು, ಗಾಳಿಯ ಏಟು ಇರಲಿಲ್ಲ.

"ಈಗರೆ ಸಮಾಧಾನ ಆತೇನ್ರಿ ಅಕ್ಕಾ?"

ಹೂಂ ಅಂದೆ.

ಹೊರಡುವ ದಿನ ವೈನಿಗೆ ಉಡಿ ತುಂಬಿದರು. ಹೊತ್ತು ಮುಳುಗುವ ಮೊದಲು ಬೀಗರ ಮನೆಯಲ್ಲಿ ಊಟವಾಗಬೇಕೆಂದು ಅವ್ವ ಅವಸರ ಮಾಡಿದಳು. ಅಣ್ಣ ಎಂದಿನಂತೆ ಪರದೆ ಕಟ್ಟಲು ಬಂದ. ಬೇಡ ಅಂದೆ.

"ಬಸರಾದಾಕೀನ ಓಣಿಗೆಲ್ಲಾ ತೋರಿಸ್ಕೊಂತ ಹೋಗೂದೇನ?" ಎಂದು ಅವ್ವ ಗದರಿದಳು. "ಊರ ದಾಟಲಿ, ಆಮ್ಯಾಲೆ ಬೇಕಾದ್ರ ಬಿಚ್ಚು."

ಊರು ದಾಟಿದ್ದೇ ಬಿಚ್ಚಿದೆ. ಧೂಳು ನುಗ್ಗಿತು. ವೈನಿ ಸೆರಗು ಮೂಗಿಗೆ ಹಿಡಿದಳು, ಆಮೇಲೆ ತೂಕಡಿಸಿದಳು. ನಾನು ಭುಜ ಅಲುಗಿಸಿದೆ. ಮತ್ತೆ ಕಣ್ಣು ಮುಚ್ಚಿದಳು, ಮತ್ತೆ ಅಲುಗಿಸಿದೆ.

"ಮಲಗಾಕೂ ಬಿಡಂಗಿಲ್ಲೇನ್ ನೀ?"

"ತಲಿ ನೋಯ್ತೈತೇನ್ ವೈನಿ?"

"ನಿನ್ನಿಂದ ನೋಯಾಕತ್ತೈತಿ ಈಗ!"

ಅಥಣಿ ಮುಟ್ಟುವವರೆಗೂ ಹಾಗೇ ಮಾಡಿದೆ.

ಗಂಡುಕೂಸು ಹುಟ್ಟಿತು, ತೂಕ ಕಡಿಮೆಯಿತ್ತು. ಚೊಚ್ಚಲು ಹಾಗೇ ಇರುತ್ತದೆ ಅಂದರು. ನಡೆಯುವುದು ತಡವಾದಾಗ ಅವರಪ್ಪನೂ ಹಾಗೇ ಇದ್ದ ಅಂದರು. ಇರಬಹುದು. ಈಗ ಅವನು ಶಾಲೆಗೆ ಹೋಗುತ್ತಾನೆ. ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವಾಗ ಒಂದು ಸಾಲಿನಲ್ಲಿ ತಡವರಿಸಿದರೂ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ.

ಬಂದವರಿಗೆಲ್ಲ ವೈನಿ ಆ ಕಥೆ ಹೇಳುತ್ತಾಳೆ: "ಇಕಿ ಇರಲಿಲ್ಲಂದ್ರ ನಾನೂ ಇಲ್ಲ, ಇಂವಾನೂ ಇಲ್ಲ ನೋಡ್ರಿ." ಮಣ್ಣಿನಡಿಯ ಬಿರುಕನ್ನು ನಾನು ಕಂಡದ್ದು ಅವಳು ಮೂರ್ಛೆ ಹೋದ ಮೇಲೆ ಎಂದುಕೊಂಡಿದ್ದಾಳೆ. ಆ ಎರಡು ವಾರಗಳಲ್ಲಿ ಅವಳು ಸೀರೆ ತರಲೆಂದು ಒಮ್ಮೆ ನಿಪ್ಪಾಣಿಗೂ ಹೋಗಿದ್ದಳು. ಅಣ್ಣ ಪರದೆ ಕಟ್ಟುವಾಗ ನಾನು ಬಾಗಿಲಲ್ಲೇ ನಿಂತಿದ್ದೆ.