ಬಣ್ಣ ಒಣಗದ ಬಾಗಿಲು

ಮಗಳನ್ನು ನೋಡಲು ಭಾನುವಾರ ಅರಕಲಗೂಡಿನಿಂದ ಗಂಡಿನವರು ಬರುವವರಿದ್ದರು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮಸಿ, ಜಿಡ್ಡು ಹತ್ತಿದ ಅಡುಗೆಮನೆ ಬಾಗಿಲಿಗೆ ಬಣ್ಣದ ನಂಜಪ್ಪ ಗುರುವಾರ ಹಸಿರು ಬಳಿದ. ಶನಿವಾರ ಮುಟ್ಟಿದರೆ ಬೆರಳೆಲ್ಲ ಹಸಿರು!

“ಏನಯ್ಯಾ ನಂಜಪ್ಪ, ಜಿಡ್ಡು ತೆಗೆಯದೆ ಬಳಿದೆಯಾ?”

“ಸೋಡಾ ನೀರಲ್ಲಿ ತೊಳ್ದು ಉಜ್ಜಿವ್ನಿ ಅಮ್ಮಾವ್ರೆ. ನೀವೇ ನಿಂತು ಬರ್ಕೊಂಡ್ರಲ್ಲಾ, ಓದಿ ಮತ್ತೆ.”

ಬಿ.ಎ. ಮಾಡಿದ ನನಗೆ ಸವಾಲೇ? ದಿನಚರಿ ತಂದು ಓಣಿಗೆ ಕೇಳುವಂತೆ ಓದಿದೆ: “ಸೋಮವಾರ, ಬಾಗಿಲು ತೊಳೆದದ್ದಾಯಿತು. ಮಂಗಳವಾರ, ಉಜ್ಜಿದ್ದಾಯಿತು. ಬುಧವಾರ, ಮರ ಬಿಳಚಿಕೊಂಡಿತ್ತು. ಅತ್ತೆಯವರ ಕಾಲದ ರೂಢಿಯಂತೆ ನಾನೇ ಹರಳೆಣ್ಣೆ ಸವರಿದೆ.”

ತಟ್ಟನೆ ದಿನಚರಿ ಮುಚ್ಚಿದೆ.

“ಹರಳೆಣ್ಣೆ ಮೇಲೆ ಬಣ್ಣ ಎಲ್ಲಿ ಒಣಗ್ತದೆ ಅಮ್ಮಾವ್ರೆ? ಆದ್ರೂ ಒಂದೂ ಬಿಡ್ದಂಗೆ ಬರ್ದಿದ್ದೀರಿ ಕಣಿ,” ಎಂದು ನಂಜಪ್ಪ ನಗು ತಡೆದುಕೊಂಡು, ಸಂಜೆಯೊಳಗೆ ಅಷ್ಟೂ ಬಣ್ಣ ಕೆರೆದು ತೆಗೆದ.

ಮರುದಿನ ಗಂಡಿನ ತಾಯಿ ಆ ಬೋಳು ಬಾಗಿಲು ಸವರಿ, “ಅಡುಗೆಮನೆ ಬಾಗಿಲಲ್ಲೂ ಜಿಡ್ಡಿಲ್ಲ! ಮಗಳನ್ನೂ ಹೀಗೇ ಬೆಳೆಸಿದ್ದೀರಿ,” ಎಂದರು. ಸಂಬಂಧ ಕುದುರಿತು.

ಈಗಲೂ ಎಲ್ಲವನ್ನೂ ಬರೆದಿಡುತ್ತೇನೆ. ಗಟ್ಟಿಯಾಗಿ ಓದುವ ಮುನ್ನ ಮಾತ್ರ ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.